ನಾಲ್ಕರಲ್ಲಿ ಒಂದು ಎಂದರೆ

ಪ್ರಶ್ನೆ: ಸೋದರಮಾವನನ್ನೇ ಮದುವೆಯಾಗಿದ್ದೇನೆ. ಮೊದಲ ಮಗುವಿಗೆ ಬೀಟಾ ಥಲಸ್ಸೀಮಿಯಾ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಲು ರಾಯಚೂರಿಗೆ ಹೋಗುತ್ತೇವೆ. ನಾಲ್ಕರಲ್ಲಿ ಒಂದು ಮಗುವಿಗೆ ಬರಬಹುದು ಎಂದರು ಡಾಕ್ಟರು. ‘ಒಂದು ಆಯಿತಲ್ಲ, ಇನ್ನು ಮೂರಕ್ಕೆ ಭಯವಿಲ್ಲ’ ಎನ್ನುತ್ತಾರೆ ಮನೆಯವರು. ಅತ್ತೆಯವರಂತೂ ದೋಷವೆಲ್ಲ ನನ್ನದೇ ಎನ್ನುತ್ತಾರೆ. ನಿಜವೇ?
– ಓದುಗರು, ಸಿಂಧನೂರು

ಉತ್ತರ: ಇಲ್ಲ ತಾಯಿ, ಎರಡೂ ನಿಜವಲ್ಲ.

ಬೀಟಾ ಥಲಸ್ಸೀಮಿಯಾ ಎಂದರೆ ರಕ್ತದ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ರೋಗ. ಅದರ ತಯಾರಿಗೆ ಬೇಕಾದ ವಂಶವಾಹಿ ಎಲ್ಲರಲ್ಲೂ ಜೋಡಿಯಾಗಿರುತ್ತದೆ. ನಿಮ್ಮಲ್ಲೂ ಯಜಮಾನರಲ್ಲೂ ಒಂದು ಸರಿಯಾಗಿದೆ, ಒಂದು ಕೆಟ್ಟಿದೆ. ಒಂದು ಸರಿಯಿದ್ದರೂ ಶರೀರ ನಿಭಾಯಿಸುತ್ತದೆ, ಆದ್ದರಿಂದಲೇ ಇಷ್ಟು ವರ್ಷ ಇಬ್ಬರಿಗೂ ತಿಳಿಯಲಿಲ್ಲ. ಮಗುವಿಗೆ ನೀವಿಬ್ಬರೂ ಒಂದೊಂದನ್ನು ಕೊಡುತ್ತೀರಿ. ಎರಡೂ ಕೆಟ್ಟವೇ ಸೇರಿದರೆ ರೋಗ.

ನಿಮ್ಮ ಪತ್ರ ಓದಿದ ಮೇಲೆ ಎರಡು ನಾಣ್ಯ ಹಿಡಿದು ಕುಳಿತೆ. ಒಂದು ತಂದೆಯದು, ಒಂದು ತಾಯಿಯದು. ಸಿಂಹದ ಮುಖ ಬಿದ್ದರೆ ಕೆಟ್ಟದ್ದು ಹೋಯಿತೆಂದು ಲೆಕ್ಕ. 40 ಸಲ ಚಿಮ್ಮಿದೆ. ಎರಡರಲ್ಲೂ ಸಿಂಹ ಬಿದ್ದದ್ದು 11 ಸಲ. ಅದರಲ್ಲಿ ಮೂರು ಒಂದರ ಬೆನ್ನಿಗೆ ಒಂದು ಬಿದ್ದವು; ಆಮೇಲೆ ಒಂಬತ್ತು ಸಲ ಒಮ್ಮೆಯೂ ಇಲ್ಲ. ಹಿಂದೆ ಏನು ಬಿತ್ತೆಂಬುದು ನಾಣ್ಯಕ್ಕೆ ನೆನಪಿರುವುದಿಲ್ಲ. ಬಸಿರೂ ಹಾಗೆಯೇ. ಎರಡನೆಯ ಮಗುವಿಗೂ ಅಪಾಯ ನೂರಕ್ಕೆ 25, ಮೊದಲನೆಯದಕ್ಕೆ ಇದ್ದಷ್ಟೇ.

ಬಟಾಣಿ ಬೆಳೆಸಿ ಈ ನಿಯಮವನ್ನು ಕಂಡುಕೊಂಡ ಗ್ರೆಗರ್ ಮೆಂಡೆಲ್ 1866ರಲ್ಲಿ ತಮ್ಮ ಎಣಿಕೆಯನ್ನು ಪ್ರಕಟಿಸಿದರು: 5,474 ದುಂಡು ಕಾಳು, 1,850 ಸುಕ್ಕುಗಾಳು. ಹೆಚ್ಚುಕಡಿಮೆ ಮೂರು ದುಂಡಿಗೆ ಒಂದು ಸುಕ್ಕು, ಅಂದರೆ ನಾಲ್ಕರಲ್ಲಿ ಒಂದು. ಆದರೆ ನಿಮಗೆ ನಾನು ತೋರಿಸಬೇಕೆಂದಿರುವುದು ಅವರೇ ಬರೆದಿಟ್ಟ ಬೇರೆ ಎರಡು ಗಿಡಗಳನ್ನು. ಒಂದರಲ್ಲಿ 43 ದುಂಡು, ಸುಕ್ಕು ಎರಡೇ ಎರಡು. ಇನ್ನೊಂದರಲ್ಲಿ 14 ದುಂಡು, 15 ಸುಕ್ಕು! ರಾಶಿ ಮಾಡಿದಾಗ ಕೂಡಿಬರುವ ಲೆಕ್ಕ ಒಂದೊಂದು ಗಿಡದಲ್ಲಿ ಕೂಡಿಬರಬೇಕೆಂದಿಲ್ಲ. ಒಂದು ಮನೆಯಲ್ಲಂತೂ ಹುಟ್ಟುವುದು ಎರಡೋ ಮೂರೋ ಮಕ್ಕಳು.

ಇನ್ನು ದೋಷದ ಮಾತು. ಇದನ್ನು ಓದಿ ನನಗೆ ಬಹಳ ನೋವಾಯಿತು. ನಿಮ್ಮ ಅತ್ತೆ ನಿಮ್ಮ ಅಜ್ಜಿಯೂ ಹೌದು. ಆ ಕೆಟ್ಟ ವಂಶವಾಹಿ ಅಜ್ಜನಿಂದಲೋ ಅಜ್ಜಿಯಿಂದಲೋ ನಿಮ್ಮ ಯಜಮಾನರಿಗೂ ತಾಯಿಗೂ ಇಳಿದು, ತಾಯಿಯಿಂದ ನಿಮಗೆ ಬಂದಿರುವ ಸಂಭವವೇ ಹೆಚ್ಚು. ಸೋದರಮಾವ ವಾಹಕನಾಗಿದ್ದರೆ, ಎಂದರೆ ಒಂದು ಕೆಟ್ಟ ವಂಶವಾಹಿ ಹೊತ್ತವನಾಗಿದ್ದರೆ, ಅಕ್ಕನ ಮಗಳೂ ವಾಹಕಳಾಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆಯಿಲ್ಲ. ಹೊರಗಿನ ಸಂಬಂಧದಲ್ಲಿ ಅದು ಅಷ್ಟಿರುವುದಿಲ್ಲ. ಯಾರೂ ತಿಳಿದು ಕೊಟ್ಟದ್ದಲ್ಲ. ಈ ಸಾಲುಗಳನ್ನು ಅಜ್ಜಿಗೆ ಓದಿ ಹೇಳಿ.

ಎರಡನೆಯ ಮಗು ಬೇಕೆನಿಸಿದರೆ ಗರ್ಭ ಧರಿಸುವ ಮೊದಲೇ ಡಾಕ್ಟರನ್ನು ಕಾಣಿರಿ. ನಿಮ್ಮಿಬ್ಬರಲ್ಲಿ ವಂಶವಾಹಿ ಎಲ್ಲಿ ಕೆಟ್ಟಿದೆ ಎಂಬುದನ್ನು ರಕ್ತಪರೀಕ್ಷೆಯಿಂದ ಗುರುತಿಸಿಟ್ಟರೆ, ಬಸಿರಿನ 10ರಿಂದ 12ನೇ ವಾರದ ಹೊತ್ತಿಗೆ ಮಾಸಿನ ಸಣ್ಣ ತುಣುಕು ತೆಗೆದು ಮಗುವಿಗೆ ರೋಗವಿದೆಯೇ ಎಂದು ನೋಡಬಹುದು. ನಿಮಗೆ ತಂಗಿಯರಿದ್ದರೆ, ಸಂಬಂಧ ನೋಡುವ ಮುನ್ನ ಅವರಿಗೂ, ವಾಹಕರೇ ಎಂದು ತಿಳಿಸುವ ಹಿಮೋಗ್ಲೋಬಿನ್ ಎ2 ರಕ್ತಪರೀಕ್ಷೆ ಮಾಡಿಸಿ.