ಇಂಗ್ಲಿಷ್ ಪ್ರಬಂಧದಲ್ಲಿ ಅಂಕ ಹೋಗುವುದು ಎಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇಂಗ್ಲಿಷ್ ಪರೀಕ್ಷೆಯ ಪ್ರಬಂಧದ ಬಗ್ಗೆಯೇ ಇವೆ. ಪರೀಕ್ಷೆ ಹತ್ತಿರ ಬಂತಲ್ಲ! ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ನಾಲ್ಕು ಮಾಡಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಹತ್ತನೇ ತರಗತಿ. ಗ್ರಾಮರ್ ಪ್ರಶ್ನೆಗಳಿಗೆ ಪೂರ್ತಿ ಅಂಕ ಬರುತ್ತದೆ, ಪ್ರಬಂಧಕ್ಕೆ ಮಾತ್ರ ಅರ್ಧ. ಎರಡು ಪುಟ ತುಂಬಿಸುತ್ತೇನೆ, ಕಷ್ಟದ ಪದಗಳನ್ನು ಕಲಿತು ಹಾಕುತ್ತೇನೆ. ಟೀಚರ್ ಪ್ರತಿ ಸಲ ‘ನಾಟ್ ಟು ದಿ ಪಾಯಿಂಟ್’ ಅಂತ ಬರೆದು ಕೊಡುತ್ತಾರೆ. ನನ್ನ ಒಂದು ಪ್ರಬಂಧ ಕಳಿಸಿದ್ದೇನೆ, ಎಲ್ಲಿ ತಪ್ಪುತ್ತಿದ್ದೇನೆ ಹೇಳಿ.

ಉತ್ತರ: ನಿನ್ನ ಟೀಚರ್ ಬರೆದಿದ್ದು ಸರಿಯಾಗಿಯೇ ಇದೆ. ಆದರೆ ಅಷ್ಟೇ ಬರೆದು ಕೊಟ್ಟರೆ ಮಕ್ಕಳಿಗೆ ಏನು ತಿಳಿಯಬೇಕು, ಅಲ್ವಾ? ನೀನು ಕಳಿಸಿದ ಪ್ರಬಂಧವನ್ನೇ ನೋಡೋಣ. ಕೇಳಿದ್ದು, ಶಾಲೆಯೊಳಗೆ ವಿದ್ಯಾರ್ಥಿಗಳಿಗೆ ಮೊಬೈಲ್ ಬಳಸಲು ಬಿಡಬೇಕೇ ಅಂತ. ನೀನು ಶುರು ಮಾಡಿದ್ದು 1973ರಲ್ಲಿ ಮಾರ್ಟಿನ್ ಕೂಪರ್ ಕೈಯಲ್ಲಿ ಹಿಡಿಯುವ ಫೋನಿನಿಂದ ಮೊದಲ ಕರೆ ಮಾಡಿದ ಸಂಗತಿಯಿಂದ. ಮಾಹಿತಿ ಸರಿ, ತಪ್ಪೇನಿಲ್ಲ. ಆಮೇಲೆ ಮೊಬೈಲಿನ ಉಪಯೋಗಗಳು, ಆಮೇಲೆ ಕಣ್ಣು ನೋವು, ಆಮೇಲೆ ಸೆಲ್ಫಿ ಹುಚ್ಚು. ಶಾಲೆಯ ಮಾತು ಬಂದಿದ್ದು ಕೊನೆಯ ಪ್ಯಾರಾದಲ್ಲಿ, ಅದೂ ಒಂದೇ ಸಾಲು. ಬಿಡಬೇಕೋ ಬೇಡವೋ ಅಂತ ನೀನು ಹೇಳಲೇ ಇಲ್ಲ. ಇಷ್ಟು ಚೆನ್ನಾಗಿ ಇಂಗ್ಲಿಷ್ ಬರೆಯುವ ಹುಡುಗಿ, ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಬರೆದು ಬಂದಿದ್ದೀಯ.

ಮೊದಲ ಕೆಲಸ, ಪೆನ್ನು ಎತ್ತುವ ಮುಂಚೆ ಪ್ರಶ್ನೆಯನ್ನು ಒಡೆದು ನೋಡು. ವಿಷಯ ಯಾವುದು, ಅದರಲ್ಲಿ ಎಷ್ಟು ಭಾಗ ಕೇಳಿದ್ದಾರೆ, ಏನು ಮಾಡು ಅಂದಿದ್ದಾರೆ. ಇಲ್ಲಿ ವಿಷಯ ಮೊಬೈಲ್, ಭಾಗ ಶಾಲೆಯೊಳಗೆ ಮಾತ್ರ, ಮಾಡಬೇಕಾದ್ದು ಒಂದು ನಿಲುವು ತೆಗೆದುಕೊಂಡು ಕಾರಣ ಕೊಡುವುದು. ‘ಡಿಸ್ಕ್ರೈಬ್’ ಅಂದರೆ ಓದುವವರ ಕಣ್ಣಿಗೆ ಕಟ್ಟುವ ಹಾಗೆ ಬರೆಯಬೇಕು, ‘ಡಿಸ್ಕಸ್’ ಅಂದರೆ ಎರಡೂ ಕಡೆ ತೂಗಿ ನೋಡಬೇಕು, ‘ಟು ವಾಟ್ ಎಕ್ಸ್‌ಟೆಂಟ್’ ಅಂದರೆ ಎಷ್ಟರ ಮಟ್ಟಿಗೆ ಒಪ್ಪುತ್ತೀಯ ಅಂತ ಸ್ಪಷ್ಟವಾಗಿ ಹೇಳಬೇಕು. ಇದೆಲ್ಲ ಗೊತ್ತಿದ್ದೂ ಅವಸರದಲ್ಲಿ ವಿಷಯದ ಹೆಸರು ಕಂಡ ಕೂಡಲೇ ಬರೆಯಲು ಶುರು ಮಾಡುವವರೇ ಜಾಸ್ತಿ.

ಆಮೇಲೆ ನಿನ್ನ ಉತ್ತರವನ್ನು ಒಂದೇ ವಾಕ್ಯದಲ್ಲಿ ಬರೆದುಕೋ. ‘ಪಾಠದ ಹೊತ್ತಿನಲ್ಲಿ ಬೇಡ, ಟೀಚರ್ ಹೇಳಿದ ಕೆಲಸಕ್ಕೆ ಮಾತ್ರ ಬಿಡಬಹುದು’ ಅಂತ ಇಟ್ಟುಕೊಳ್ಳೋಣ. ಇದೇ ನಿನ್ನ ಪ್ರಬಂಧದ ಬೆನ್ನೆಲುಬು, ಮೊದಲ ಪ್ಯಾರಾದಲ್ಲೇ ಬರಬೇಕು. ಇದಕ್ಕೆ ಕಾರಣವಾಗದ ಯಾವ ಸಾಲೂ ಬೇಡ. ಪಾಪ, ಕೂಪರ್ ಕೂಡ ಬೇಡ.

ಇನ್ನೊಂದು ಸಮಸ್ಯೆ ನಿನ್ನ ಪ್ಯಾರಾಗಳದ್ದು. ಒಂದು ಪ್ಯಾರಾದಲ್ಲಿ ಐದು ಅಂಶ ಇವೆ, ಒಂದೂ ಬೆಳೆದಿಲ್ಲ. ‘ಮೊಬೈಲ್ ಗಮನ ಕೆಡಿಸುತ್ತದೆ’ ಅಂತ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀಯ. ನಿಲ್ಲು. ಹೇಗೆ ಕೆಡಿಸುತ್ತದೆ? ಲೆಕ್ಕದ ನಡುವೆ ಒಂದು ಮೆಸೇಜ್ ಬರುತ್ತದೆ, ಹುಡುಗ ಒಂದು ಕ್ಷಣ ಕೆಳಗೆ ನೋಡುತ್ತಾನೆ, ತಲೆ ಎತ್ತುವಷ್ಟರಲ್ಲಿ ಬೋರ್ಡಿನ ಮೇಲೆ ಎರಡು ಹಂತ ಮುಂದಕ್ಕೆ ಹೋಗಿರುತ್ತದೆ. ಆದ್ದರಿಂದ ಏನಾಯಿತು? ಉಳಿದ ಪಾಠವೂ ಅವನಿಗೆ ಅರ್ಥವಾಗುವುದಿಲ್ಲ. ಪಕ್ಕದವನೂ ಏನು ಬಂತು ಅಂತ ಇಣುಕುತ್ತಾನೆ. ನೋಡು, ಒಂದೇ ಅಂಶದಿಂದ ಒಂದು ಪ್ಯಾರಾ ಆಯಿತು. ಇಂಥ ಮೂರು ಸಾಕು. ಜೊತೆಗೆ ಎದುರು ಪಕ್ಷದವರ ಒಂದು ಗಟ್ಟಿ ಮಾತು, ಅಂದರೆ ತುರ್ತಿಗೆ ಮನೆಗೆ ಫೋನ್ ಮಾಡಬೇಕಾದರೆ ಏನು ಗತಿ ಅನ್ನುವಂಥದ್ದು, ಅದನ್ನು ತಂದು ನೀನೇ ಉತ್ತರ ಕೊಟ್ಟರೆ ತಿದ್ದುವವರಿಗೆ ಈ ಮಗು ಯೋಚನೆ ಮಾಡಿದೆ ಅಂತ ಗೊತ್ತಾಗುತ್ತದೆ.

ಕಷ್ಟದ ಪದಗಳ ಬಗ್ಗೆ ಒಂದು ಮಾತು. ‘ಪ್ಲೆಥೊರಾ’ ಅಂತ ನಾಲ್ಕು ಸಲ ಬರೆದಿದ್ದೀಯ. ಸುಮ್ನೆ ‘ಮೆನಿ’ ಅಂದರೆ ಅಂಕ ಕಡಿಮೆ ಆಗುವುದಿಲ್ಲ ಕಣಮ್ಮ. ಪದ ಚಿಕ್ಕದಿರಲಿ, ಆದರೆ ಕರಾರುವಾಕ್ಕಾಗಿರಲಿ. ‘ವಾಕ್ಡ್ ವೆರಿ ಸ್ಲೋಲಿ’ ಬದಲು ‘ಲಿಂಪ್ಡ್’ ಅಂದರೆ ನಿಧಾನವೂ ಬಂತು, ಕಾಲಿಗೆ ಪೆಟ್ಟಾಗಿದೆ ಅನ್ನುವುದೂ ಬಂತು.

ಪ್ರಶ್ನೆ: ನನ್ನ ಮಗ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುತ್ತಾನೆ, ಸಾಲಿಗೊಂದು ತಪ್ಪು. ಹತ್ತು ಪ್ರಬಂಧ ಬಾಯಿಪಾಠ ಮಾಡಿಸಿ ಅಂತ ಟ್ಯೂಷನ್ನಿನವರು ಹೇಳುತ್ತಾರೆ. ಮಾಡಿಸಲೇ?

ಉತ್ತರ: ಬೇಡ. ಬಾಯಿಪಾಠದ ಪ್ರಬಂಧ ತಿದ್ದುವವರ ಕೈಗೆ ಎರಡನೇ ಸಾಲಿಗೇ ಸಿಕ್ಕಿಬೀಳುತ್ತದೆ. ‘ಎವ್ರಿ ಕಾಯಿನ್ ಹ್ಯಾಸ್ ಟೂ ಸೈಡ್ಸ್’ ಅಂತ ಶುರುವಾಗುವ ಉತ್ತರಗಳ ಕಟ್ಟನ್ನು ತಿದ್ದಿ ನೋಡಿ, ನಿಮಗೇ ಗೊತ್ತಾಗುತ್ತದೆ. ಪ್ರಶ್ನೆ ಸ್ವಲ್ಪ ತಿರುಗಿ ಬಂದರೂ ಆ ಪ್ರಬಂಧ ಹೊಂದುವುದಿಲ್ಲ. ಹುಡುಗನೋ, ಕಲಿತದ್ದನ್ನು ಬಿಡಲಾರದೆ ಅದನ್ನೇ ತುರುಕುತ್ತಾನೆ.

ಕನ್ನಡದಲ್ಲಿ ಯೋಚಿಸುವುದು ದೋಷವಲ್ಲ. ಅಂಶಗಳನ್ನು ಕನ್ನಡದಲ್ಲೇ ಗುರುತು ಹಾಕಿಕೊಳ್ಳಲಿ. ಉದ್ದದ ಕನ್ನಡ ವಾಕ್ಯವನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಲು ಹೋದಾಗ ಮಾತ್ರ ಎಡವುತ್ತಾನೆ, ಯಾಕೆಂದರೆ ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿ ಕರ್ತೃವಿನ ಬೆನ್ನಿಗೇ ಬರಬೇಕು. ಒಂದು ವಾಕ್ಯಕ್ಕೆ ಒಂದೇ ವಿಚಾರ ಇಟ್ಟುಕೊಂಡರೆ ಅರ್ಧ ತಪ್ಪು ಅಲ್ಲೇ ಕಡಿಮೆಯಾಗುತ್ತದೆ.

ಉಳಿದ ತಪ್ಪುಗಳನ್ನು ಲೆಕ್ಕ ಹಾಕಿ ನೋಡಿ. ಸಾಲಿಗೊಂದು ಅನ್ನಿಸಿದರೂ ಅವು ನಾಲ್ಕೈದು ಬಗೆಯವೇ ಆಗಿರುತ್ತವೆ. ‘ಎ’, ‘ಆ್ಯನ್’, ‘ದಿ’ ಬಿಟ್ಟುಹೋಗುವುದು. ‘ಹೀ ಗೋ’ ಅಂತ ಎಸ್ ಮರೆಯುವುದು. ‘ಒನ್ ಆಫ್ ಮೈ’ ಆದಮೇಲೆ ‘ಫ್ರೆಂಡ್ಸ್’ ಬದಲು ‘ಫ್ರೆಂಡ್’ ಬರೆಯುವುದು. ‘ಡಿಸ್ಕಸ್’ ಮುಂದೆ ಬೇಡದ ‘ಅಬೌಟ್’. ನಿನ್ನೆಯ ಕಥೆ ಹೇಳುತ್ತಾ ಹೇಳುತ್ತಾ ವರ್ತಮಾನ ಕಾಲಕ್ಕೆ ಜಾರುವುದು. ನಿಮ್ಮ ಮಗನದ್ದು ಇವುಗಳಲ್ಲಿ ಯಾವುದು ಅಂತ ಹಳೆಯ ಉತ್ತರಪತ್ರಿಕೆ ಇಟ್ಟುಕೊಂಡು ಅವನೇ ಹುಡುಕಲಿ, ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಲಿ. ಪರೀಕ್ಷೆಯಲ್ಲಿ ಕೊನೆಗೆ ಓದುವಾಗ ಎಲ್ಲಾ ತಪ್ಪನ್ನೂ ಒಟ್ಟಿಗೆ ಹುಡುಕಲು ಹೋದರೆ ಒಂದೂ ಕಾಣುವುದಿಲ್ಲ. ತನ್ನ ಮೂರು ಮಾಮೂಲಿ ತಪ್ಪುಗಳನ್ನು ಮಾತ್ರ ಹುಡುಕಲಿ.

ಇನ್ನೊಂದು, ಇದನ್ನು ಯಾರೂ ಮಾಡುವುದಿಲ್ಲ, ಮಾಡಿದವರು ಮೇಲೆ ಬರುತ್ತಾರೆ. ತಿದ್ದಿ ಬಂದ ಪ್ರಬಂಧದಲ್ಲಿ ಅಂಕ ನೋಡಿ ಬ್ಯಾಗಿಗೆ ಹಾಕುತ್ತಾರಲ್ಲ, ಅದನ್ನೇ ಮತ್ತೆ ಬರೆಯಬೇಕು. ಪೂರ್ತಿ ಬೇಡ, ಅತಿ ಕೆಟ್ಟದಾಗಿ ಬಂದ ಒಂದು ಪ್ಯಾರಾ ಸಾಕು. ಹೊಸ ವಿಷಯದ ಮೇಲೆ ಹತ್ತು ಪ್ರಬಂಧ ಬರೆದರೆ ಅದೇ ತಪ್ಪು ಹತ್ತು ಸಲ ಆಗುತ್ತದೆ.

ಪ್ರಶ್ನೆ: ಎಐ ಆ್ಯಪ್‌ನಲ್ಲಿ ಪ್ರಬಂಧ ಬರೆಸಿಕೊಂಡು ಓದಿದರೆ ಕಲಿಯಬಹುದೇ?

ಉತ್ತರ: ಬರೆಸಿಕೊಂಡರೆ ಕಲಿಯುವುದು ಕಷ್ಟ, ಓದುವಾಗ ಎಲ್ಲಾ ಅರ್ಥವಾದ ಹಾಗೆ ಅನ್ನಿಸುತ್ತದೆ ಅಷ್ಟೇ. ನೀನೇ ಬರೆದು, ‘ಯಾವ ಪ್ಯಾರಾದಲ್ಲಿ ಪ್ರಶ್ನೆ ಬಿಟ್ಟು ಹೋಗಿದ್ದೇನೆ? ತಿದ್ದಬೇಡ, ಬರೀ ತೋರಿಸು’ ಅಂತ ಕೇಳು. ಅದು ಹೇಳಿದ್ದೂ ತಪ್ಪಿರಬಹುದು, ಆದ್ದರಿಂದ ಟೀಚರ್ ಹತ್ತಿರ ಒಮ್ಮೆ ಕೇಳಿಕೋ.

ಪ್ರಶ್ನೆ: ಪ್ರಬಂಧ ಮುಗಿಯುವ ಮುಂಚೆ ಬೆಲ್ ಹೊಡೆಯುತ್ತದೆ. ಪ್ಲಾನ್ ಮಾಡಲು ಟೈಮೇ ಇರುವುದಿಲ್ಲ ಮೇಡಂ.

ಉತ್ತರ: ಪ್ಲಾನ್ ಮಾಡದೇ ಇರುವುದರಿಂದಲೇ ಟೈಮ್ ಸಾಲುತ್ತಿಲ್ಲ. ನಡುವೆ ಮುಂದೇನು ಬರೆಯಲಿ ಅಂತ ಕೂರುತ್ತೀಯಲ್ಲ, ಆ ಹೊತ್ತೇ ಜಾಸ್ತಿ ತಿನ್ನುವುದು. 40 ನಿಮಿಷ ಇದ್ದರೆ ಮೊದಲ 6–7 ನಿಮಿಷ ಪ್ಲಾನಿಗೆ, ಕೊನೆಯ 5 ನಿಮಿಷ ಓದಿ ತಿದ್ದಲು, ಉಳಿದದ್ದು ಬರೆಯಲು. ಮನೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆ ತೆಗೆದು ಪ್ರಬಂಧ ಬರೆಯದೆ ಬರೀ ಪ್ಲಾನ್ ಮಾಡು. ಗಡಿಯಾರ ಮುಂದಿಟ್ಟುಕೊಂಡು ದಿನಕ್ಕೆ ಒಂದು ಪ್ರಶ್ನೆ. ಪದಗಳ ಮಿತಿ ಕೊಟ್ಟಿದ್ದರೆ ನಿನ್ನ ಒಂದು ಸಾಲಿಗೆ ಎಷ್ಟು ಪದ ಹಿಡಿಯುತ್ತದೆ ಅಂತ ಒಮ್ಮೆ ಎಣಿಸಿಟ್ಟುಕೋ, ಪರೀಕ್ಷೆಯಲ್ಲಿ ಕೂತು ಎಣಿಸಬೇಡ. ಅಷ್ಟಾಗಿಯೂ ಟೈಮ್ ಕೈಕೊಟ್ಟರೆ, ಅರ್ಧ ಬರೆದ ಪ್ಯಾರಾವನ್ನು ಅಲ್ಲೇ ನಿಲ್ಲಿಸಿ, ನಿನ್ನ ನಿಲುವು ಹೇಳುವ ಎರಡು ಸಾಲು ಬರೆದು ಪೇಪರ್ ಕೊಡು.