ಟಿಮ್ ಡಂಕನ್ ಅವರ ಆಟ ಸಪ್ಪೆಯೆನಿಸುವುದೇಕೆ?

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಪ್ರಶಸ್ತಿಯನ್ನು ಐದು ಬಾರಿ ಗೆದ್ದ ಟಿಮ್ ಡಂಕನ್ ಅವರ ವಿಡಿಯೊಗಳಲ್ಲಿ ಮೈನವಿರೇಳಿಸುವಂಥದ್ದೇನೂ ಕಾಣುವುದಿಲ್ಲ, ಆದರೂ ಬಲ್ಲವರು ಅವರನ್ನು ಸಾರ್ವಕಾಲಿಕ ಶ್ರೇಷ್ಠರ ಸಾಲಿನಲ್ಲಿ ಇಡುವುದೇಕೆ ಎಂದು ನೀವು ಕೇಳಿದ್ದೀರಿ. ನಾನು ಹಾಸನದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ಚೆಂಡು ರಿಂಗಿನೊಳಗೆ ಬೀಳುವ ಮುಂಚಿನ ಎರಡು ಸೆಕೆಂಡುಗಳಲ್ಲಿ ಡಂಕನ್ ಮಾಡುತ್ತಿದ್ದುದೇ ಅವರ ಆಟ, ತುಣುಕು ವಿಡಿಯೊ ಮಾಡುವವರು ಕತ್ತರಿಸಿ ಹಾಕುವುದೂ ಅದನ್ನೇ ಎಂಬುದು ನನ್ನ ಉತ್ತರ.

ಅವರು ಬ್ಯಾಸ್ಕೆಟ್‌ಬಾಲ್‌ಗೆ ಬಂದದ್ದೇ ತಡವಾಗಿ. 1976ರ ಏಪ್ರಿಲ್ 25ರಂದು ಕೆರಿಬಿಯನ್ ಸಮುದ್ರದ ಸೇಂಟ್ ಕ್ರೋಯ್ ದ್ವೀಪದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಈಜುಗಾರ. ಅವರ ಅಕ್ಕನೊಬ್ಬರು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಈಜಿದ್ದರು, ತಾನೂ ಅಲ್ಲಿಗೆ ಹೋಗಬೇಕೆಂಬುದು ಹುಡುಗನ ಆಸೆಯಾಗಿತ್ತು. 1989ರ ಸೆಪ್ಟೆಂಬರಿನಲ್ಲಿ ಬೀಸಿದ ಹ್ಯೂಗೊ ಚಂಡಮಾರುತವು ದ್ವೀಪದ ಈಜುಕೊಳವನ್ನು ಹಾಳುಗೆಡವಿತು. ಸಮುದ್ರದಲ್ಲಿ ಅಭ್ಯಾಸ ಮಾಡಲು ಶಾರ್ಕ್‌ಗಳ ಭಯ. ಮರುವರ್ಷ, ಹದಿನಾಲ್ಕನೆಯ ಹುಟ್ಟುಹಬ್ಬದ ಹಿಂದಿನ ದಿನ, ಸ್ತನ ಕ್ಯಾನ್ಸರಿನಿಂದ ತಾಯಿ ತೀರಿಕೊಂಡರು. ಈಜು ಅಲ್ಲಿಗೆ ನಿಂತಿತು. ಕಾಲೇಜಿನಲ್ಲಿ ಆಡಿದ್ದ ಭಾವನ ಕೈಯಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿತರು. ಇನ್ನೂ ಎತ್ತರ ಬೆಳೆಯುವ ಮುನ್ನವೇ ಚೆಂಡು ಆಡಿಸುವುದನ್ನೂ ಪಾದಗಳನ್ನು ಇಡುವುದನ್ನೂ ಕಲಿತದ್ದು ಮುಂದೆ 211 ಸೆಂಟಿಮೀಟರ್ ಎತ್ತರಕ್ಕೆ ಬೆಳೆದಾಗ ಕೈಬಿಡಲಿಲ್ಲ ಎಂದು ನಾನು ನಂಬುತ್ತೇನೆ. ನಮ್ಮಲ್ಲಿ ಎತ್ತರದ ಹುಡುಗನನ್ನು ರಿಂಗಿನ ಕೆಳಗೆ ನಿಲ್ಲಿಸಿ, ಕೈ ಎತ್ತಿಕೊಂಡಿರು ಎಂದು ಹೇಳಿ ಬಿಟ್ಟುಬಿಡುವ ತಪ್ಪನ್ನು ನಾನೂ ಮೊದಮೊದಲು ಮಾಡಿದ್ದೇನೆ.

ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕೂ ವರ್ಷ ಓದಿ, ಮನೋವಿಜ್ಞಾನದಲ್ಲಿ ಪದವಿ ಪಡೆದರು. ಮಧ್ಯದಲ್ಲೇ ಬಿಟ್ಟು ಹೋಗಿದ್ದರೆ ಕೋಟಿಗಟ್ಟಲೆ ಹಣ ಕಾದಿತ್ತು; ಆದರೆ ಓದು ಮುಗಿಸುತ್ತೇನೆಂದು ತಾಯಿಗೆ ಮಾತು ಕೊಟ್ಟಿದ್ದರು. ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1997ರ ಡ್ರಾಫ್ಟ್‌ನಲ್ಲಿ ಸ್ಯಾನ್ ಆಂಟೊನಿಯೊ ಸ್ಪರ್ಸ್ ತಂಡ ಅವರನ್ನು ಎಲ್ಲರಿಗಿಂತ ಮೊದಲು ಆರಿಸಿಕೊಂಡಿತು. ಹಿಂದಿನ ಋತುವಿನಲ್ಲಿ 82 ಪಂದ್ಯಗಳಲ್ಲಿ ಬರೀ 20 ಗೆದ್ದಿದ್ದ ತಂಡ ಅವರು ಬಂದ ವರ್ಷ 56 ಗೆದ್ದಿತು. ಗಾಯದಿಂದ ಚೇತರಿಸಿಕೊಂಡು ಮರಳಿದ್ದ ಹಿರಿಯ ಆಟಗಾರ ಡೇವಿಡ್ ರಾಬಿನ್ಸನ್ ಅವರ ಪಾಲೂ ಅದರಲ್ಲಿ ದೊಡ್ಡದು.

ಈಗ ನೀವು ಸಪ್ಪೆ ಎಂದ ಆಟಕ್ಕೆ ಬರೋಣ. ಡಂಕನ್ ಅವರ ಗುರುತಿನ ಹೊಡೆತ ರಿಂಗಿನ ಹಿಂದಿನ ಬೋರ್ಡಿಗೆ ತಾಗಿಸಿ ಹಾಕುವ ಶಾಟ್. ರಿಂಗಿನ ಪಕ್ಕಕ್ಕೆ ಸುಮಾರು 45 ಡಿಗ್ರಿ ಕೋನದಲ್ಲಿ, ಹತ್ತು ಹನ್ನೆರಡು ಅಡಿ ದೂರದಲ್ಲಿ ಬೆನ್ನು ಮಾಡಿ ಚೆಂಡು ಪಡೆಯುವುದು, ತಿರುಗಿ ಎದುರಾಳಿಯನ್ನು ಒಮ್ಮೆ ನೋಡುವುದು, ಒಂದು ಹೆಜ್ಜೆಯ ಸುಳಿವು ಕೊಟ್ಟು ಅವನು ಹಿಂದೆ ಸರಿದೊಡನೆ ಬೋರ್ಡಿನ ಚೌಕದ ಮೇಲ್ಮೂಲೆಗೆ ಚೆಂಡು ಮುಟ್ಟಿಸುವುದು. ಆ ಕೋನದಿಂದ ಬಂದ ಚೆಂಡಿನ ವೇಗವನ್ನು ಬೋರ್ಡು ಸ್ವಲ್ಪ ಹೀರಿಕೊಂಡು ಮೆತ್ತಗೆ ಒಳಕ್ಕೆ ಬೀಳಿಸುತ್ತದೆ.

ನಮ್ಮ ಶಾಲೆಯ ಬೋರ್ಡಿನ ಮೇಲಿನ ಆ ಚೌಕ ಪ್ರತಿ ಮಳೆಗಾಲದಲ್ಲೂ ಮಾಸಿಹೋಗುತ್ತದೆ. ದಸರಾ ರಜೆಯಲ್ಲಿ ಏಣಿ ಹಾಕಿಕೊಂಡು, ಗಾರೆ ಕೆಲಸದವರ ದಾರ ಹಿಡಿದು ಅಳೆದು, 59 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರಕ್ಕೆ ನಾನೇ ಬಣ್ಣ ಬಳಿಯುತ್ತೇನೆ. (ಡಂಕನ್ ಅವರ ತಂದೆಯೂ ಗಾರೆ ಕೆಲಸದವರೇ ಆಗಿದ್ದರೆಂಬುದು ಆಗೆಲ್ಲ ನೆನಪಾಗುತ್ತದೆ.) ಬಣ್ಣ ಒಣಗಿದ ಮರುದಿನದಿಂದ ಎಡಗಡೆಯಿಂದ ಐವತ್ತು, ಬಲಗಡೆಯಿಂದ ಐವತ್ತು ಶಾಟ್ ಹಾಕಿಸುತ್ತೇನೆ. ಮಕ್ಕಳಿಗೆ ಇದು ಮೊದಲ ವಾರ ಬೇಸರ. ಮೂರನೆಯ ವಾರದ ಹೊತ್ತಿಗೆ ಚೌಕದ ಮೇಲ್ಮೂಲೆಗಳಲ್ಲಿ ಮಾತ್ರ ಚೆಂಡಿನ ಧೂಳಿನ ಗುರುತು ಮೂಡಿರುತ್ತದೆ, ಉಳಿದ ಬಿಳುಪು ಹಾಗೇ ಇರುತ್ತದೆ. ಆ ಗುರುತು ಕಂಡಾಗ ನನಗಾಗುವ ಸಂತೋಷ ಬೇರೆ ಯಾವುದರಿಂದಲೂ ಆಗುವುದಿಲ್ಲ. ಅದೇ ಕಾಲದ ಇನ್ನೊಬ್ಬ ದೈತ್ಯ ಆಟಗಾರ ಶಕೀಲ್ ಓನೀಲ್ ಡಂಕನ್‌ಗೆ ಇಟ್ಟ ಅಡ್ಡಹೆಸರು ‘ಬಿಗ್ ಫಂಡಮೆಂಟಲ್’. ಆಟದ ಮೂಲಪಾಠಗಳನ್ನೇ ಅಷ್ಟು ದೊಡ್ಡದಾಗಿ ಬೆಳೆಸಿದವರಿಗೆ ಅದು ತಕ್ಕ ಹೆಸರು.

ಅವರ ಆಟ ಪೂರ್ಣವಾಗಿ ಕಾಣುವುದು 2003ರ ಫೈನಲ್ಸ್‌ನ ಆರನೆಯ ಪಂದ್ಯದಲ್ಲಿ. (ಎನ್‌ಬಿಎ ಫೈನಲ್ಸ್ ಏಳು ಪಂದ್ಯಗಳವರೆಗೆ ನಡೆಯುವ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಪ್ರಶಸ್ತಿ.) ನ್ಯೂಜೆರ್ಸಿ ನೆಟ್ಸ್ ವಿರುದ್ಧ ಅವರದು 21 ಅಂಕ, 20 ರಿಬೌಂಡ್ (ಬೀಳದೆ ಮರಳಿದ ಚೆಂಡನ್ನು ಹಿಡಿಯುವುದು), 10 ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿಯಾದ ಪಾಸ್), 8 ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು). ಕೊನೆಯ ಕಾಲುಭಾಗದಲ್ಲಿ ಹಿಂದೆ ಬಿದ್ದಿದ್ದ ಸ್ಪರ್ಸ್ ಒಂದೇ ಸಮನೆ 19 ಅಂಕ ಗಳಿಸಿ 88–77ರಿಂದ ಗೆದ್ದಿತು. ಆ ಹೊತ್ತಿನಲ್ಲಿ ಎದುರಾಳಿಗೆ ಒಂದೂ ಅಂಕ ಬರಲಿಲ್ಲ. ರಾಬಿನ್ಸನ್ ಅವರ ಕೊನೆಯ ಪಂದ್ಯವೂ ಅದೇ.

ಆದರೂ ನನಗೆ ಹೆಚ್ಚು ಹತ್ತಿರವಾದದ್ದು ಅವರು ಸೋತ ಒಂದು ದಿನ. 2013ರ ಫೈನಲ್ಸ್‌ನ ಆರನೆಯ ಪಂದ್ಯದಲ್ಲಿ ಪ್ರಶಸ್ತಿ ಕೈಗೆ ಬಂದೇಬಿಟ್ಟಿತು ಎನ್ನುವಾಗ, 5.2 ಸೆಕೆಂಡ್ ಉಳಿದಿರುವಂತೆ ಮಯಾಮಿ ಹೀಟ್‌ನ ರೇ ಆ್ಯಲನ್ ಮೂಲೆಯಿಂದ ಮೂರು ಅಂಕದ ಶಾಟ್ ಹಾಕಿ ಸಮ ಮಾಡಿದರು. ಆ ಕ್ಷಣದಲ್ಲಿ ತರಬೇತುದಾರ ಗ್ರೆಗ್ ಪಾಪೊವಿಚ್ ಡಂಕನ್‌ರನ್ನು ಬೆಂಚಿನಲ್ಲಿ ಕೂರಿಸಿದ್ದರು. ಆ ಪಂದ್ಯ ಸ್ಪರ್ಸ್ ಕೈತಪ್ಪಿತು. ಏಳನೆಯ ಪಂದ್ಯ ನಮಗೆ ಜೂನ್ 21ರ ಶುಕ್ರವಾರ ಬೆಳಿಗ್ಗೆ. ಹೊರಗೆ ಮುಂಗಾರು ಜಿಟಿಜಿಟಿ ಹಿಡಿದಿತ್ತು, ನಮ್ಮ ತಂಡದ ಇಬ್ಬರು ಹುಡುಗರು ಶಾಲೆಯ ಸಮವಸ್ತ್ರದಲ್ಲೇ ನಮ್ಮ ಮನೆಗೆ ಬಂದು ಟಿವಿಯ ಮುಂದೆ ಕುಳಿತಿದ್ದರು. ಕೊನೆಯ ನಿಮಿಷದಲ್ಲಿ ಸ್ಪರ್ಸ್ ಎರಡೇ ಅಂಕ ಹಿಂದಿತ್ತು. ರಿಂಗಿನ ಹತ್ತಿರವೇ, ತನಗಿಂತ ಕುಳ್ಳಗಿನ ಶೇನ್ ಬ್ಯಾಟಿಯರ್ ಮೇಲಿಂದ ಡಂಕನ್ ಹಾಕಿದ ಶಾಟ್ ಬೀಳಲಿಲ್ಲ. ಮರುಕಳಿಸಿದ ಚೆಂಡನ್ನು ತಟ್ಟಿದರು, ಅದೂ ಬೀಳಲಿಲ್ಲ. ಓಡಿ ಹಿಂದಕ್ಕೆ ಬಂದು ಡಿಫೆನ್ಸ್‌ಗೆ ಬಗ್ಗಿ ನಿಂತವರು ಎರಡೂ ಕೈಗಳಿಂದ ನೆಲಕ್ಕೆ ಬಡಿದರು. ಅಷ್ಟು ವರ್ಷ ಅವರ ಮುಖದಲ್ಲಿ ನಾವು ಹುಡುಕುತ್ತಿದ್ದ ಭಾವ ಆ ಬಡಿತದಲ್ಲಿತ್ತು. ಒಬ್ಬ ಹುಡುಗ, “ಸಾರ್, ಅವರೂ ಮಿಸ್ ಮಾಡ್ತಾರಾ?” ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಮರುವರ್ಷ, 38ನೆಯ ವಯಸ್ಸಿನಲ್ಲಿ, ಅದೇ ಮಯಾಮಿಯನ್ನು 4–1ರಿಂದ ಸೋಲಿಸಿ ಐದನೆಯ ಪ್ರಶಸ್ತಿ ಗೆದ್ದರು. 1999, 2003, 2005 ಮತ್ತು 2007ರವು ಮೊದಲಿನ ನಾಲ್ಕು.

ತಂಡ ಒಡೆಯದೆ ಉಳಿದದ್ದರಲ್ಲಿ ಅವರ ತ್ಯಾಗವೂ ಇದೆ. 2012ರ ಹೊಸ ಒಪ್ಪಂದದಲ್ಲಿ ಅವರ ಸಂಬಳ ಹಿಂದಿನ ವರ್ಷದ್ದರ ಅರ್ಧಕ್ಕಿಂತ ಕಡಿಮೆಯಾಯಿತು, ಉಳಿದ ಹಣದಲ್ಲಿ ಜೊತೆಗಾರರನ್ನು ಉಳಿಸಿಕೊಳ್ಳಲು ತಂಡಕ್ಕೆ ಸಾಧ್ಯವಾಯಿತು. 19 ಋತುಗಳನ್ನು ಒಂದೇ ತಂಡದಲ್ಲಿ ಕಳೆದು, 26,496 ಅಂಕ, 15,091 ರಿಬೌಂಡ್‌ಗಳೊಂದಿಗೆ 2016ರ ಜುಲೈ 11ರಂದು ನಿವೃತ್ತರಾದಾಗ ಊರೂರಿನಲ್ಲಿ ಬೀಳ್ಕೊಡುಗೆಯ ಸಂಭ್ರಮವಿರಲಿಲ್ಲ, ಒಂದು ಪ್ರಕಟಣೆಯಷ್ಟೇ ಬಂತು. ಆಮೇಲೆ 2019ರಲ್ಲಿ ಒಂದು ಋತು ಪಾಪೊವಿಚ್ ಅವರಿಗೆ ಸಹಾಯಕ ತರಬೇತುದಾರರಾಗಿದ್ದರು. 2020ರ ಸಾಲಿನಲ್ಲಿ ಬ್ಯಾಸ್ಕೆಟ್‌ಬಾಲ್‌ನ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು.

2003ರ ಆ ಆರನೆಯ ಪಂದ್ಯ ಪೂರ್ತಿಯಾಗಿ ಸಿಕ್ಕರೆ ದಯವಿಟ್ಟು ಕೊನೆಯ ಕಾಲುಭಾಗವನ್ನು ಎರಡು ಸಲ ನೋಡಿ. ಎರಡನೆಯ ಸಲ ಚೆಂಡನ್ನು ಬಿಟ್ಟುಬಿಡಿ, 21ನೆಯ ಸಂಖ್ಯೆಯ ಅಂಗಿ ತೊಟ್ಟ ಡಂಕನ್ ಅವರ ಪಾದಗಳನ್ನಷ್ಟೇ ಗಮನಿಸಿ.