5 ಸಾಲಿನ ಪಿರಮಿಡ್‌ನಲ್ಲಿ 11 ನಕ್ಷತ್ರ ಎಲ್ಲಿಂದ ಬಂತು?

ಪ್ರಶ್ನೆ: ಮೇಡಂ, ನಾನು ಬಿಸಿಎ ಮೊದಲ ಸೆಮಿಸ್ಟರ್. ಪಿಯುಸಿಯಲ್ಲಿ ಕಾಮರ್ಸ್ ಓದಿದ್ದು, ಪ್ರೋಗ್ರಾಮಿಂಗ್ ಹೊಸದು. ಸಿ ಲ್ಯಾಬ್‌ನಲ್ಲಿ 5 ಸಾಲಿನ ನಕ್ಷತ್ರದ ಪಿರಮಿಡ್ ಪ್ರಿಂಟ್ ಮಾಡಲು ಹೇಳಿದರು. ಹೊರಗೊಂದು ಫಾರ್ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆದೇಶ), ಒಳಗೆ ಎರಡು ಬರೆದೆ. ಎರರ್ ಬರಲಿಲ್ಲ. ಆದರೆ ಬಂದಿದ್ದು ಒಂದೇ ಸಾಲು, ಅದೂ ಸ್ವಲ್ಪ ದೂರ ಬಿಟ್ಟು 11 ನಕ್ಷತ್ರ. ಪ್ರೋಗ್ರಾಮಿನ ಫೋಟೊ ಇಟ್ಟಿದ್ದೇನೆ. ಬಾಯಿಪಾಠ ಮಾಡಿದ್ದು ಬರೆಯುತ್ತೇನೆ, ಪ್ಯಾಟರ್ನ್ ಸ್ವಲ್ಪ ಬದಲಾದರೂ ತಲೆ ಓಡುವುದಿಲ್ಲ. ಏನು ಮಾಡಲಿ?
– ಹೆಸರು ಬೇಡ, ಶಿರಾ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾಗಿದ್ದು ಆ 11. ಲ್ಯಾಬ್‌ನಲ್ಲಿ ಜಾಸ್ತಿ ಜನ "ಔಟ್‌ಪುಟ್ ಸರಿ ಬರ್ತಿಲ್ಲ ಮೇಡಂ" ಅಂತ ಸುಮ್ನೆ ನಿಂತುಬಿಡುತ್ತಾರೆ. ನೀವು ಎಣಿಸಿದ್ದೀರಿ. ಅರ್ಧ ಕೆಲಸ ಅಲ್ಲೇ ಮುಗಿಯಿತು.

5 ಸಾಲಿನ ಪಿರಮಿಡ್‌ನ ಅತಿ ಉದ್ದದ ಸಾಲಿನಲ್ಲೂ 9 ನಕ್ಷತ್ರ ಮಾತ್ರ. 11 ಬರಬೇಕಾದರೆ ಅದು 6ನೇ ಸಾಲಿನ ಲೆಕ್ಕ. 6ನೇ ಸಾಲು ನೀವು ಕೇಳಿಯೇ ಇಲ್ಲ, ಅಲ್ವಾ? ಫೋಟೊ ನೋಡಿದೆ. ಹೊರಗಿನ ಫಾರ್‌ಗೆ ಬ್ರೇಸ್ ಹಾಕಿಲ್ಲ. ಹೂವಿನ ಬ್ರಾಕೆಟ್ ಅಂತೀವಲ್ಲ, ಅದು. ಟ್ಯಾಬ್ ಕೊಟ್ಟು ಚೆನ್ನಾಗಿ ಒಳಗೆ ಸರಿಸಿ ಬರೆದಿದ್ದೀರಿ, ಕಣ್ಣಿಗೆ ಎಲ್ಲವೂ ಹೊರಗಿನ ಲೂಪ್‌ನ ಹೊಟ್ಟೆಯಲ್ಲೇ ಇದ್ದಂತೆ ಕಾಣುತ್ತದೆ. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಸಿ ಕಂಪೈಲರ್‌ಗೆ ಆ ಜಾಗದ ಲೆಕ್ಕವೇ ಇಲ್ಲ. ಬ್ರೇಸ್ ಇಲ್ಲದಿದ್ದರೆ ಮುಂದಿನ ಒಂದೇ ಒಂದು ಸ್ಟೇಟ್‌ಮೆಂಟ್ (ಆದೇಶ) ಮಾತ್ರ ಲೂಪಿನದು. ನಿಮ್ಮಲ್ಲಿ ಅದು ಖಾಲಿ ಜಾಗ ಪ್ರಿಂಟ್ ಮಾಡುವ ಲೂಪ್.

ಹಾಗಾಗಿ ಮೊದಲು 4, ಆಮೇಲೆ 3, 2, 1, ಕೊನೆಗೆ 0, ಒಟ್ಟು 10 ಖಾಲಿ ಜಾಗ ಒಂದೇ ಸಾಲಿನಲ್ಲಿ ಬಿದ್ದವು. ನೀವು ಹೇಳಿದ "ಸ್ವಲ್ಪ ದೂರ" ಅದೇ. ಹೊರಗಿನ ಲೂಪ್ ನಿಲ್ಲುವುದು ಸಾಲಿನ ನಂಬರ್ ಎಣಿಸುವ ಐ 5ನ್ನು ದಾಟಿದಾಗ, ಅಂದರೆ ಆಗ ಐ ಬೆಲೆ 6. ಆಮೇಲೆ ನಕ್ಷತ್ರದ ಲೂಪ್ ಒಂದೇ ಸಲ ಓಡಿತು. ಎರಡು ಸಲ ಐ, ಅದರಲ್ಲಿ ಒಂದು ಕಳೆದರೆ 12 – 1 = 11. ಪಾಪ, ಕಂಪ್ಯೂಟರ್ ಹೇಳಿದಷ್ಟೇ ಮಾಡಿದೆ.

ಬ್ರೇಸ್ ತೆರೆದು, ಹೊಸ ಸಾಲಿಗೆ ಹೋಗುವ ಪ್ರಿಂಟ್‌ಎಫ್ ಆದ ಮೇಲೆ ಮುಚ್ಚಿ. ಇನ್ನೊಂದು ಮಾತು. ಈಗಿನ ಕಂಪೈಲರ್‌ಗಳಲ್ಲಿ ಐ ಅನ್ನು ಫಾರ್‌ನ ಒಳಗೇ ಡಿಕ್ಲೇರ್ ಮಾಡಬಹುದು, 1999ರ ಸಿ ಸ್ಟ್ಯಾಂಡರ್ಡ್‌ನಿಂದ ಇದು ಇದೆ. ಹಾಗೆ ಮಾಡಿದ್ದರೆ ಲೂಪಿನ ಹೊರಗೆ ಐ ಅನ್ನುವುದೇ ಇರುತ್ತಿರಲಿಲ್ಲ, ಕಂಪೈಲರ್ ಅಲ್ಲೇ ಎರರ್ ಕೊಡುತ್ತಿತ್ತು. ನಿಮ್ಮ ಲ್ಯಾಬ್‌ನಲ್ಲಿ ಇನ್ನೂ ಹಳೆಯ ಕಂಪೈಲರ್ ಟರ್ಬೊ ಸಿಯ ನೀಲಿ ಪರದೆಯೇ ಇದ್ದರೆ ಈ ಅನುಕೂಲ ಸಿಗದು.

ಬಾಯಿಪಾಠದ ವಿಷಯಕ್ಕೆ ಬರುತ್ತೇನೆ. ನಾನೂ ಅದೇ ಜಾತಿ. ಡಿಪ್ಲೊಮಾ ಓದುವಾಗ ರೆಕಾರ್ಡ್ ಪುಸ್ತಕದ ಪ್ರೋಗ್ರಾಮೆಲ್ಲ ಕಂಠಪಾಠ. ವೈವಾಗೆ ಬಂದ ಎಕ್ಸ್‌ಟರ್ನಲ್ ಸರ್ ನನ್ನ ತ್ರಿಕೋನದ ಪ್ರೋಗ್ರಾಮ್ ತೆಗೆದು, ಒಳಗಿನ ಲೂಪಿನಲ್ಲಿ "ಜೆ <= ಐ" ಇದ್ದ ಕಡೆ ಐ ಹೊಡೆದು ಪೆನ್ಸಿಲ್‌ನಲ್ಲಿ 5 ಬರೆದರು. "ಈಗ ಏನು ಬರುತ್ತಮ್ಮಾ?" ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಸಾಲಿಗೆ 5ರಂತೆ 5 ಸಾಲು, ಚೌಕ, ಅಷ್ಟೇ. ಆ ಪೆನ್ಸಿಲ್ ಗುರುತು ಇವತ್ತಿಗೂ ರೆಕಾರ್ಡ್‌ನಲ್ಲಿದೆ.

ಈಗ ನನ್ನ ಹುಡುಗರಿಗೆ ಕೀಬೋರ್ಡ್ ಮುಟ್ಟಲು ಬಿಡುವುದಿಲ್ಲ. ಮೊದಲು ಚೌಕಳಿ ಹಾಳೆಯಲ್ಲಿ ಪ್ಯಾಟರ್ನ್ ಬರೆಯಬೇಕು. ಪಕ್ಕದಲ್ಲಿ ಸಾಲಿನ ನಂಬರ್, ಎಷ್ಟು ಖಾಲಿ, ಎಷ್ಟು ನಕ್ಷತ್ರ.

1ನೇ ಸಾಲು: 4 ಖಾಲಿ, 1 ನಕ್ಷತ್ರ
2ನೇ ಸಾಲು: 3 ಖಾಲಿ, 3 ನಕ್ಷತ್ರ
3ನೇ ಸಾಲು: 2 ಖಾಲಿ, 5 ನಕ್ಷತ್ರ

ಸಾಲಿನ ನಂಬರ್‌ಗೆ ಖಾಲಿ ಕೂಡಿದರೆ ಯಾವಾಗಲೂ 5. ಅಂದಮೇಲೆ ಖಾಲಿ ಎಷ್ಟು? 5ರಲ್ಲಿ ಐ ಕಳೆದಷ್ಟು. ನಕ್ಷತ್ರ ಎರಡೆರಡು ಏರುತ್ತಿದೆ, ಅದಕ್ಕೇ ಎರಡು ಸಲ ಐ. ಆದರೆ ಮೊದಲ ಸಾಲಿಗೆ 2 ಬಂದುಬಿಡುತ್ತದೆ, ನಮಗೆ ಬೇಕಿರುವುದು 1. ಅದಕ್ಕೆ ಒಂದು ಕಳೆಯುವುದು. ಸೂತ್ರ ಇಲ್ಲಿ ಹುಟ್ಟಿತು, ಬಾಯಿಪಾಠ ಮಾಡುವ ಗೋಜಿಲ್ಲ.

ಮನೆಯಲ್ಲಿ ಅಮ್ಮನ ರಂಗೋಲಿ ಪುಸ್ತಕ ಇದ್ದರೆ ತೆಗೆದು ನೋಡಿ. "9ರಿಂದ 1, ನೇರ ಚುಕ್ಕಿ" ಅಂದರೆ 9, 7, 5, 3, 1. ನಿಮ್ಮ ಪಿರಮಿಡ್ಡೇ ತಲೆಕೆಳಗಾಗಿ ನಿಂತಿದೆ. "9ರಿಂದ 5, ಸಂದು ಚುಕ್ಕಿ" ಅಂದರೆ 9, 8, 7, 6, 5. ಎರಡು ಚುಕ್ಕಿಯ ಸಂದಿಗೆ ಮುಂದಿನ ಸಾಲಿನ ಚುಕ್ಕಿ. ಪರದೆಯ ಮೇಲೆ ಸಂದು ಚುಕ್ಕಿ ಬೇಕೆಂದರೆ ಅರ್ಧ ಜಾಗ ಸರಿಸಲು ಆಗುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಖಾಲಿಯ ಲೂಪ್ ಹಾಗೇ ಇರಲಿ. ನಕ್ಷತ್ರದ ಲೂಪ್ ಐವರೆಗೆ ಮಾತ್ರ ಓಡಲಿ. ಕೋಟ್‌ಗಳ ನಡುವೆ ನಕ್ಷತ್ರದ ಜೊತೆ ಒಂದು ಸ್ಪೇಸ್ ಹಾಕಿ. ಓಡಿಸಿ ನೋಡಿ, 1, 2, 3, 4, 5 ನಕ್ಷತ್ರಗಳು ಒಂದರ ಸಂದಿಗೊಂದು ಕೂರುತ್ತವೆ.

ಮುಂದಿನ ವಾರ ನಿಮಗೆ ಡೈಮಂಡ್ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಪಿರಮಿಡ್ ಕೆಳಗೆ ಅದನ್ನೇ ತಿರುಗಿಸಿ ಜೋಡಿಸುವುದು. ಪ್ರಿಂಟ್ ಆದ ಮೇಲೆ ನಕ್ಷತ್ರ ಎಣಿಸಿ. ಮೇಲಿನ ಭಾಗಕ್ಕೆ 25, ಕೆಳಗೆ 16, ಒಟ್ಟು 41 ಇರಬೇಕು. 50 ಬಂದರೆ ನಡುವಿನ ಉದ್ದದ ಸಾಲು ಎರಡು ಸಲ ಬಂದಿದೆ. ಎರಡನೇ ಹೊರಲೂಪ್ ಅನ್ನು 5ರಿಂದ ಇಳಿಸುತ್ತಿದ್ದೀರಿ, 4ರಿಂದ ಇಳಿಸಿ.